ಗಾಡಿ ಓಡುವಾಗ ಫೋನ್ ಸುಮ್ಮನಿರಲು: ನಿಮ್ಮ ಗಾಡಿಗೆ ಯಾವ ದಾರಿ ಸರಿ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನದು ಇಡ್ಲಿ ಹಿಟ್ಟು ಮತ್ತು ಕೇಟರಿಂಗ್‌ನ ಸಣ್ಣ ಕೆಲಸ. ಎರಡು ಟೆಂಪೊ ಇವೆ, ಒಂದು ಕಾರಿದೆ. ಬೆಳಿಗ್ಗೆ ನಾಲ್ಕೂವರೆಗೆ ಮೊದಲ ಟೆಂಪೊ ಹೊರಡುತ್ತದೆ. ಶಿಳ್‌ಫಾಟಾ, ಐರೋಲಿ ಸೇತುವೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ದಾಟಿ ಮಾಟುಂಗಾದ ಕಡೆಯ ಹೋಟೆಲುಗಳಿಗೆ ಆರು ಗಂಟೆಯೊಳಗೆ ಹಿಟ್ಟು ಮುಟ್ಟಬೇಕು. ತಡವಾದರೆ ಅಲ್ಲಿ ಬೆಳಗಿನ ತಿಂಡಿಯೇ ನಿಂತುಹೋಗುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಒಂದು ದಿನ ಟೆಂಪೊ ತಡವಾಯಿತು. ಹೋಟೆಲಿನವರು ನನಗೆ ಕಾಲ್ ಮಾಡಿದರು. ನಾನು ಡ್ರೈವರಿಗೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಎತ್ತಿದ. "ಎಲ್ಲಿದ್ದೀಯಾ?" ಅಂತ ಕೇಳಿ ಮುಗಿಸುವುದರೊಳಗೆ ದಡ್ ಅಂತ ಸದ್ದು ಕೇಳಿಸಿತು. ಟೆಂಪೊ ಡಿವೈಡರಿಗೆ ಹೊಡೆದಿತ್ತು. ಅವನ ಎಡಗೈ ಮಣಿಕಟ್ಟು ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ, ಅದು ದೇವರ ದಯೆ. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ್ದು ಇಷ್ಟೇ: "ಅಕ್ಕ, ನಿಮ್ಮ ಹೆಸರು ಕಂಡಿತು. ಮೂರು ಸಲ ಬಂತಲ್ಲ, ಏನೋ ಅರ್ಜೆಂಟ್ ಇರಬೇಕು ಅಂದುಕೊಂಡೆ."

ಫೋನ್ ಎತ್ತಿದ್ದು ಅವನು. ಎತ್ತುವ ಹಾಗೆ ಮಾಡಿದ್ದು ನಾನು. ಆವತ್ತಿನಿಂದ ನಮ್ಮ ಟೆಂಪೊಗಳಲ್ಲಿ, ನನ್ನ ಕಾರಿನಲ್ಲಿ, ಪುಣೆಯಲ್ಲಿ ಓದುತ್ತಿರುವ ಮಗಳ ಸ್ಕೂಟರಿನಲ್ಲಿ ಒಂದೊಂದೇ ಉಪಾಯ ಹಾಕಿ ನೋಡುತ್ತಾ ಬಂದಿದ್ದೇನೆ. ಕೆಲವು ಸೋತವು, ಕೆಲವು ಚೆನ್ನಾಗಿ ನಡೆಯುತ್ತಿವೆ. ನಿಮಗೆ ಯಾವುದು ಹೊಂದುತ್ತದೆ ಅಂತ ನೋಡಿಕೊಳ್ಳಲು ಇದು ನೆರವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮೆಸೇಜ್ ಯಾರದ್ದು ಅಂತ ನೋಡಲು ಐದು ಸೆಕೆಂಡ್ ಕಣ್ಣು ಕೆಳಗೆ ಹಾಕಿದರೆ 80 ಮೀಟರಿಗಿಂತ ಜಾಸ್ತಿ. ನಮ್ಮ ಲೋಕಲ್ ಟ್ರೇನಿನ ಒಂದು ಡಬ್ಬಿ ಸುಮಾರು 20 ಮೀಟರ್ ಉದ್ದ. ಅಂದರೆ ನಾಲ್ಕು ಡಬ್ಬಿಯಷ್ಟು ದೂರ ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸಿದ ಹಾಗೆ. ಮುಂಬೈಯಲ್ಲಿ ಸಮುದ್ರ ದಾಟುವ ಅಟಲ್ ಸೇತುವಿನ ಮೇಲೆ ಕಾರು 100ರಲ್ಲಿ ಹೋಗುತ್ತಿದ್ದರೆ ಅದೇ ಐದು ಸೆಕೆಂಡಿಗೆ ಏಳು ಡಬ್ಬಿ.

ಕಾನೂನು ಕೂಡ ಸ್ಪಷ್ಟವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ, ಕೈಯಲ್ಲಿ ಫೋನ್ ಹಿಡಿದು ಬಳಸುತ್ತಾ ಅಪಾಯವಾಗುವ ಹಾಗೆ ಗಾಡಿ ಓಡಿಸಿದರೆ ಮೊದಲ ಸಲಕ್ಕೆ 1000ದಿಂದ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಬಂದ ನಿಯಮ ಒಂದೇ ಒಂದು ವಿನಾಯಿತಿ ಕೊಟ್ಟಿದೆ. ದಾರಿ ನೋಡಲು ಮಾತ್ರ ಫೋನ್ ಬಳಸಬಹುದು, ಅದೂ ಗಮನ ತಪ್ಪದ ಹಾಗೆ.

ಇನ್ನೊಂದು ಮಾತು. ಇದನ್ನು ತುಂಬಾ ಜನ ನಂಬುವುದಿಲ್ಲ. ಗಾಡಿ ಓಡಿಸುವಾಗ ಫೋನ್ ಬಳಸುವವರಿಗೆ ಅಪಘಾತವಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯಲ್ಲಿ ಹಿಡಿಯದೆ ಸ್ಪೀಕರಿನಲ್ಲಿ ಮಾತಾಡುವುದು ಕೂಡ ಅಷ್ಟೇನೂ ಸುರಕ್ಷಿತವಲ್ಲ ಎಂದೂ ಹೇಳುತ್ತದೆ. ಕೈ ಸ್ಟೀರಿಂಗ್ ಮೇಲಿದ್ದರೂ ತಲೆ ಮಾತಿನಲ್ಲಿರುತ್ತದೆ ಅಲ್ವಾ. ಕೆಳಗಿನ ಎಲ್ಲ ಆಯ್ಕೆಗಳನ್ನೂ ನಾನು ಈ ಮಾತನ್ನು ನೆನಪಿಟ್ಟುಕೊಂಡೇ ತೂಗಿದ್ದೇನೆ.

ನಿಮ್ಮ ಫೋನ್ ಯಾಕೆ ಕೈಗೆ ಬರುತ್ತದೆ?

ಅಂಗಡಿಗೆ ಹೋಗುವ ಮೊದಲು, ಆ್ಯಪ್ ಹುಡುಕುವ ಮೊದಲು, ಈ ಪ್ರಶ್ನೆ ಕೇಳಿಕೊಳ್ಳಿ. ಒಂದು ವಾರ ಗಮನಿಸಿ. ನನ್ನ ವಿಷಯದಲ್ಲಿ ಕಾಲ್‌ಗಳು ಕಾರಣ: ಹೋಟೆಲಿನವರು, ಮನೆಯವರು, ಊರಿನಿಂದ ಅಮ್ಮ. ಮಗಳಿಗೆ ಮ್ಯಾಪ್ ಕಾರಣ, ಪುಣೆಯ ದಾರಿ ಅವಳಿಗೆ ಹೊಸದು. ಟೆಂಪೊ ಡ್ರೈವರುಗಳಿಗೆ ಕಾರಣ ನಾನೇ. ಕಾರಣ ಬೇರೆಯಾದರೆ ಮದ್ದೂ ಬೇರೆ. ಕಾಲ್‌ನ ಕಾಟ ಇರುವವರು ದುಬಾರಿ ಮ್ಯಾಪ್ ಹೋಲ್ಡರ್ ಕೊಂಡು ತಂದರೆ ಆಗುವುದೇನು? ಕಾಲ್ ಬಂದದ್ದು ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇದರ ಜೊತೆಗೆ ಒಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ರಸ್ತೆಯ ಮೇಲೆ ಇರುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಉಪಾಯ ನಡೆಯುವುದಿಲ್ಲ. ಗಾಡಿ ಸ್ಟಾರ್ಟ್ ಆಗುವ ಮೊದಲೇ, ಇಲ್ಲವೇ ಸ್ಟಾರ್ಟ್ ಆದ ಕೂಡಲೇ ತಾನಾಗಿ ಕೆಲಸ ಮಾಡುವುದು ನಡೆಯುತ್ತದೆ.

ಐಫೋನ್ ಇದ್ದವರಿಗೆ

ಇವರ ಕೆಲಸ ಸುಲಭ. ಗಾಡಿ ಓಡುವಾಗ ಕಾಲ್, ಮೆಸೇಜುಗಳನ್ನು ತಡೆದು ಫೋನನ್ನು ಮೌನವಾಗಿಡುವ ಸೌಲಭ್ಯ 2017ರಿಂದಲೇ ಐಫೋನಿನೊಳಗೆ ಇದೆ, ಈಗ ಅದರ ಹೆಸರು ಡ್ರೈವಿಂಗ್ ಫೋಕಸ್. ದುಡ್ಡು ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಫೋಕಸ್ ತೆರೆದು ಡ್ರೈವಿಂಗ್ ಸೇರಿಸಿಕೊಳ್ಳಿ. ಅದು ಯಾವಾಗ ಶುರುವಾಗಬೇಕು ಅಂತ ಕೇಳುತ್ತದೆ. ಮೂರು ಆಯ್ಕೆ ಇರುತ್ತವೆ: ಚಲನೆ ಗುರುತಿಸಿ ತಾನಾಗಿ, ಕಾರಿನ ಬ್ಲೂಟೂತ್ ಸಿಕ್ಕಾಗ, ಅಥವಾ ನೀವೇ ಒತ್ತಿದಾಗ.

ಮುಂಬೈಯವರು ಮೊದಲನೆಯದನ್ನು ಆರಿಸಬೇಡಿ. ನಾನು ಆರಿಸಿ ಒಂದು ತಿಂಗಳು ಒದ್ದಾಡಿದೆ. ಫೋನಿಗೆ ಗೊತ್ತಾಗುವುದು ನೀವು ವೇಗವಾಗಿ ಹೋಗುತ್ತಿದ್ದೀರಿ ಅನ್ನುವುದು ಮಾತ್ರ. ಸ್ಟೀರಿಂಗ್ ನಿಮ್ಮ ಕೈಯಲ್ಲಿದೆಯೋ, ನೀವು ಫಾಸ್ಟ್ ಲೋಕಲ್‌ನಲ್ಲಿ ನೇತಾಡುತ್ತಿದ್ದೀರೋ ಅದಕ್ಕೆ ತಿಳಿಯುವುದಿಲ್ಲ. ಡೊಂಬಿವಲಿಯಿಂದ ದಾದರಿಗೆ ಟ್ರೇನಿನಲ್ಲಿ ಹೋಗುವಾಗ ನನ್ನ ಫೋನ್ ತಾನಾಗಿ ಮೌನವಾಗುತ್ತಿತ್ತು, "ನಾನು ಓಡಿಸುತ್ತಿಲ್ಲ" ಅಂತ ಪ್ರತಿಸಲ ಒತ್ತಬೇಕಿತ್ತು. ಹೀಗೆ ಒತ್ತುವುದು ಅಭ್ಯಾಸವಾದರೆ ಕಾರಿನಲ್ಲೂ ಕೈ ಅದನ್ನೇ ಒತ್ತುತ್ತದೆ. ಅದೇ ದೊಡ್ಡ ಅಪಾಯ. ಇನ್ನೊಂದು ಕಡೆ, ಶಿಳ್‌ಫಾಟಾದ ಜಾಮಿನಲ್ಲಿ ಕಾರು ನಡೆಯುವವರಿಗಿಂತ ನಿಧಾನ. ಆಗ ಫೋನಿಗೆ ಇದು ಗಾಡಿ ಅಂತ ಗುರುತಿಸುವುದೇ ಕಷ್ಟ. ಬೇಜಾರಾಗಿ ಫೋನ್ ತೆಗೆಯುವುದೂ ಆವಾಗಲೇ.

ಬ್ಲೂಟೂತ್ ಆಯ್ಕೆಯಲ್ಲಿ ಈ ತೊಂದರೆ ಇಲ್ಲ. ಕಾರು ಸ್ಟಾರ್ಟ್ ಆದಾಗ ಶುರು, ಆಫ್ ಆದಾಗ ಮುಗಿಯಿತು. ಟ್ರೇನಿನಲ್ಲಿ ಕಾಟ ಕೊಡುವುದಿಲ್ಲ.

ಮೆಸೇಜ್ ಕಳಿಸಿದವರಿಗೆ ಇದು ತಾನಾಗಿ ಉತ್ತರ ಕೊಡುತ್ತದೆ. ಮೊದಲಿಗೆ ಅದು ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಅಳಿಸಿ "ಗಾಡಿ ಓಡಿಸ್ತಾ ಇದ್ದೀನಿ, ತಲುಪಿದ ಮೇಲೆ ಫೋನ್ ಮಾಡ್ತೀನಿ" ಅಂತ ಕನ್ನಡದಲ್ಲಿ ಬರೆದಿಡಿ. ಊರಿನ ಅತ್ತೆ ಮಾವನಿಗೆ ಅರ್ಥವಾಗಬೇಕಲ್ಲ. ಆದರೆ ಈ ಉತ್ತರ ಹೋಗುವುದು ಮಾಮೂಲಿ ಮೆಸೇಜಿಗೆ, ವಾಟ್ಸ್ಆ್ಯಪಿಗೆ ಹೋಗುವುದಿಲ್ಲ. ನಮ್ಮವರೆಲ್ಲ ಇರುವುದೇ ವಾಟ್ಸ್ಆ್ಯಪಿನಲ್ಲಿ. ಹಾಗಾಗಿ ಇದನ್ನು ಅರ್ಧ ಸೌಲಭ್ಯ ಅಂತಲೇ ಎಣಿಸಿ.

ಕಾರಿನ ಬ್ಲೂಟೂತಿಗೆ ಸೇರಿದಾಗ ಕಾಲ್‌ಗಳು ಕಾರಿನ ಸ್ಪೀಕರಿಗೆ ಬರಲು ಬಿಡಬೇಕೇ ಎಂಬ ಆಯ್ಕೆಯೂ ಇದೆ. ನಾನು ಬೇಡ ಅಂತ ಇಟ್ಟಿದ್ದೇನೆ. ಮಕ್ಕಳು ಹೊಸದಾಗಿ ಲೈಸೆನ್ಸ್ ಪಡೆದಿದ್ದರೆ ಸ್ಕ್ರೀನ್ ಟೈಮ್‌ನ ನಿರ್ಬಂಧಗಳಲ್ಲಿ ಹೋಗಿ, ಪಾಸ್‌ಕೋಡ್ ಇಲ್ಲದೆ ಡ್ರೈವಿಂಗ್ ಫೋಕಸ್ ಬದಲಾಯಿಸದಂತೆ ಮಾಡಬಹುದು. ಮಕ್ಕಳಿಗೆ ಹೇಳಿಯೇ ಮಾಡಿ. ಕದ್ದು ಮಾಡಿದರೆ ಮನೆಯಲ್ಲಿ ಬೇರೆ ಜಗಳ ಶುರುವಾಗುತ್ತದೆ.

ಆ್ಯಂಡ್ರಾಯ್ಡ್ ಇದ್ದವರಿಗೆ

ಇಲ್ಲಿ ಕಂಪನಿಗೊಂದು ರೀತಿ. ಸ್ಯಾಮ್‌ಸಂಗ್‌ನ ಈಚಿನ ಫೋನುಗಳಲ್ಲಿ ಮೋಡ್ಸ್ ಆ್ಯಂಡ್ ರುಟೀನ್ಸ್ ಎಂಬಲ್ಲಿ ಡ್ರೈವಿಂಗ್ ಇದೆ. ಕಾರಿನ ಬ್ಲೂಟೂತ್ ಸಿಕ್ಕಾಗ ಶುರುವಾಗುವಂತೆ, ಯಾರ ಕಾಲ್ ಮಾತ್ರ ಬರಬೇಕು ಅಂತ ಹೇಳುವಂತೆ ಹೊಂದಿಸಬಹುದು. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲೂ ಗಾಡಿ ಓಡಿಸುವಾಗ ತಾನಾಗಿ ಮೌನವಾಗುವ ವ್ಯವಸ್ಥೆ ಇದೆ. ಬೇರೆ ಕಂಪನಿಯದ್ದಾದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ಡ್ರೈವಿಂಗ್ ಅಂತ ಟೈಪ್ ಮಾಡಿ ನೋಡಿ. ಏನೂ ಸಿಗದಿದ್ದರೆ ಫೋನನ್ನು ಮೌನವಾಗಿಡುವ ಡೂ ನಾಟ್ ಡಿಸ್ಟರ್ಬ್ ಅಂತೂ ಇದ್ದೇ ಇರುತ್ತದೆ. ಅದನ್ನು ಮಾತ್ರ ಕೈಯಾರೆ ಒತ್ತಬೇಕು, ಅವಸರದಲ್ಲಿ ಮರೆತು ಹೋಗುತ್ತದೆ.

ಸ್ಯಾಮ್‌ಸಂಗ್ 2016ರಲ್ಲಿ ನಮ್ಮ ದೇಶಕ್ಕೆಂದೇ ಒಂದು ಒಳ್ಳೆಯ ಕೆಲಸ ಮಾಡಿತ್ತು. ಗ್ಯಾಲಕ್ಸಿ ಜೆ3 ಫೋನಿನಲ್ಲಿ ಎಸ್ ಬೈಕ್ ಮೋಡ್ ಅಂತ ಇಟ್ಟಿತ್ತು. ಬೈಕಿನವನಿಗೆ ಕಾಲ್ ಮಾಡಿದರೆ ಅವನು ಗಾಡಿ ಓಡಿಸುತ್ತಿದ್ದಾನೆ ಅಂತ ಫೋನೇ ಮಾತಾಡಿ ಹೇಳುತ್ತಿತ್ತು. ನಿಜವಾಗಿ ಅರ್ಜೆಂಟ್ ಇದ್ದರೆ 1 ಒತ್ತಿ ಅನ್ನುತ್ತಿತ್ತು. ನನಗೆ ಇದು ಇಷ್ಟ, ಯಾಕೆಂದರೆ ಇದು ಕಾಲ್ ಮಾಡುವವರನ್ನೂ ಒಂದು ಕ್ಷಣ ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ಆವತ್ತು ನನಗೆ ಅಂಥ ದನಿ ಕೇಳಿಸಿದ್ದರೆ ನಾನು 1 ಒತ್ತುತ್ತಿರಲಿಲ್ಲ.

ಎರಡು ಸಲ ಬಂದ ಕಾಲ್

ಇದಕ್ಕೆ ಬೇರೆ ತಲೆಬರಹವನ್ನೇ ಕೊಡುತ್ತಿದ್ದೇನೆ. ಇದನ್ನು ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ.

ಫೋನ್ ಮೌನವಾಗಿದ್ದಾಗಲೂ ಒಬ್ಬರೇ ಮತ್ತೆ ಮತ್ತೆ ಮಾಡಿದರೆ ಕಾಲ್ ಬರಲು ಬಿಡುವ ಸೌಲಭ್ಯ ಎರಡೂ ಬಗೆಯ ಫೋನುಗಳಲ್ಲಿದೆ. ಐಫೋನಿನಲ್ಲಿ ಮೂರು ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಬಂದರೆ ರಿಂಗ್ ಆಗುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷ. ಮನೆಯಲ್ಲಿ ವಯಸ್ಸಾದವರು ಇರುವವರಿಗೆ ಇದು ವರದಾನ. "ಅಮ್ಮ, ತುರ್ತು ಇದ್ದರೆ ಎರಡು ಸಲ ಮಾಡು, ಇಲ್ಲದಿದ್ದರೆ ಒಂದೇ ಸಲ" ಅಂತ ಹೇಳಿಕೊಟ್ಟರೆ ಮುಗಿಯಿತು. ನನ್ನ ಅಮ್ಮ ಕುಂದಾಪುರದಲ್ಲಿ ಒಬ್ಬಳೇ ಇದ್ದಾಳೆ. ಈ ಏರ್ಪಾಡು ಇಲ್ಲದಿದ್ದರೆ ನಾನು ಫೋನನ್ನು ಮೌನವಾಗಿಡಲು ಒಪ್ಪುತ್ತಲೇ ಇರಲಿಲ್ಲ.

ಆದರೆ ಡ್ರೈವರುಗಳ ಫೋನಿನಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಸಾಮಾನು ತಡವಾದಾಗ ಮಾಲೀಕರು ಏನು ಮಾಡುತ್ತಾರೆ? ಎತ್ತುವ ತನಕ ಬಿಡುವುದಿಲ್ಲ. ನಾನೂ ಅದನ್ನೇ ಮಾಡಿದ್ದು. ಹಾಗಾಗಿ ನಮ್ಮ ಟೆಂಪೊ ಫೋನುಗಳಲ್ಲಿ ಮತ್ತೆ ಮತ್ತೆ ಬರುವ ಕಾಲಿಗೆ ಅನುಮತಿ ಇಲ್ಲ. ಅವರವರ ಮನೆಯ ಒಂದೇ ನಂಬರಿಗೆ ಅನುಮತಿ ಇದೆ. ಆ ಪಟ್ಟಿಯಲ್ಲಿ ನನ್ನ ನಂಬರಿಲ್ಲ.

ಕಾರಿನ ಪರದೆ: ಆ್ಯಂಡ್ರಾಯ್ಡ್ ಆಟೊ, ಕಾರ್‌ಪ್ಲೇ

ಫೋನಿನ ಮ್ಯಾಪ್, ಹಾಡು, ಮೆಸೇಜುಗಳನ್ನು ಕಾರಿನ ಪರದೆಗೆ ತರುವ ವ್ಯವಸ್ಥೆ ಇವು, ಮೊದಲನೆಯದು ಆ್ಯಂಡ್ರಾಯ್ಡಿಗೆ, ಎರಡನೆಯದು ಐಫೋನಿಗೆ. ಮ್ಯಾಪ್ ಬೇಕಾದವರಿಗೆ ಇದು ಎಲ್ಲಕ್ಕಿಂತ ಒಳ್ಳೆಯದು. ಮ್ಯಾಪ್ ದೊಡ್ಡದಾಗಿ, ಕಣ್ಣಿಗೆ ಹತ್ತಿರದ ಎತ್ತರದಲ್ಲಿ ಕಾಣುತ್ತದೆ. ವಾಟ್ಸ್ಆ್ಯಪ್ ಮೆಸೇಜ್ ಬಂದರೆ ಓದಿ ಹೇಳುತ್ತದೆ, ಫೋನ್ ಮುಟ್ಟಬೇಕಾಗಿಲ್ಲ.

ತೊಂದರೆ ಇರುವುದೂ ಅಲ್ಲೇ. ಇದು ಫೋನನ್ನು ದೂರ ಇಡುವುದಿಲ್ಲ, ಡ್ಯಾಶ್‌ಬೋರ್ಡಿಗೆ ತಂದು ಕೂರಿಸುತ್ತದೆ. ಕೋಸ್ಟಲ್ ರೋಡಿನ ಸುರಂಗದಲ್ಲಿ ಕಾರು ಓಡುತ್ತಿರುವಾಗ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್‌ಗಳನ್ನು ಒಂದೊಂದಾಗಿ ಓದಿಸಿಕೊಳ್ಳುವುದರಲ್ಲಿ ಯಾವ ಲಾಭವೂ ಇಲ್ಲ. ನಾನು ಮ್ಯಾಪ್ ಮತ್ತು ಹಾಡು ಮಾತ್ರ ಉಳಿಸಿಕೊಂಡು ಮೆಸೇಜಿನ ಸೂಚನೆಗಳನ್ನು ಆಫ್ ಮಾಡಿದ್ದೇನೆ. ಕಾರಿನಲ್ಲಿ ಪರದೆ ಇದ್ದರೆ ಹೀಗೆ ಮಾಡಿ. ಇಲ್ಲದಿದ್ದರೆ ಇದಕ್ಕಾಗಿಯೇ ಸಾವಿರಾರು ರೂಪಾಯಿ ಹಾಕಿ ಹೊಸದು ಕೂರಿಸಬೇಡಿ. ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಕೆಲವು ನೂರು ರೂಪಾಯಿಯ ಹೋಲ್ಡರ್ ಸಾಕು, ಹೊರಡುವ ಮೊದಲೇ ದಾರಿ ಹಾಕಿಡುವ ಅಭ್ಯಾಸ ಇದ್ದರೆ.

ಚೌತಿಗೆ ಊರಿಗೆ ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಕೊಂಕಣದ ಘಾಟಿಗಳಲ್ಲಿ ನೆಟ್‌ವರ್ಕ್ ಹೋಗಿಬಿಡುತ್ತದೆ. ಮ್ಯಾಪ್ ನಿಂತರೆ ಕೈ ತಾನಾಗಿ ಫೋನಿಗೆ ಹೋಗುತ್ತದೆ, ತಿರುವಿನ ಮೇಲೆಯೇ ಹೋಗುತ್ತದೆ. ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಂಡು ಹೊರಡಿ.

ಟೆಂಪೊ, ಸಣ್ಣ ವ್ಯಾಪಾರದ ಗಾಡಿಗಳು

ಇಲ್ಲಿ ನಾನು ಹೆಚ್ಚು ಸಮಯ ಕಳೆದಿದ್ದೇನೆ, ಹೆಚ್ಚು ಕಲಿತಿದ್ದೇನೆ.

ಹಳೆಯ ಟೆಂಪೊದಲ್ಲಿ ಬ್ಲೂಟೂತ್ ಇರುವುದಿಲ್ಲ. ಹಾಗಾದರೆ ಫೋನ್ ತಾನಾಗಿ ಮೌನವಾಗುವುದು ಹೇಗೆ? ಸಿಗರೇಟ್ ಲೈಟರಿನ ಸಾಕೆಟಿಗೆ ಹಾಕುವ ಬ್ಲೂಟೂತ್ ಎಫ್‌ಎಂ ಚಾರ್ಜರ್ ಸಿಗುತ್ತದಲ್ಲ, ಹಾಡು ಕೇಳಲು ಹಾಕಿಕೊಳ್ಳುವಂಥದ್ದು, ಅದನ್ನು ಕೊಂಡೆವು. ಕೀಲಿ ತಿರುಗಿಸಿದಾಗ ಅದಕ್ಕೆ ಕರೆಂಟ್ ಬರುತ್ತದೆ, ಫೋನ್ ಅದಕ್ಕೆ ಸೇರಿಕೊಳ್ಳುತ್ತದೆ, ಡ್ರೈವಿಂಗ್ ಮೋಡ್ ಶುರುವಾಗುತ್ತದೆ. ಕೆಲವು ಗಾಡಿಗಳಲ್ಲಿ ಆ ಸಾಕೆಟಿಗೆ ಕೀಲಿ ತೆಗೆದರೂ ಕರೆಂಟ್ ಇರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. ನಮ್ಮ ಎರಡನೇ ಟೆಂಪೊದಲ್ಲಿ ಹಾಗೇ ಇತ್ತು, ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರ್ ಬದಲಾಯಿಸಿಕೊಂಡೆವು.

ಫೋನ್ ಮೌನವಾಯಿತು. ಆದರೆ ನನ್ನ ಆತಂಕ ಹೋಗಲಿಲ್ಲ. ಹಿಟ್ಟು ಎಲ್ಲಿದೆ ಅಂತ ನನಗೆ ಗೊತ್ತಾಗಬೇಕು, ಹೋಟೆಲಿನವರಿಗೂ ಗೊತ್ತಾಗಬೇಕು. "ಎಲ್ಲಿದ್ದೀಯಾ" ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ಕಾಲ್ ನಿಲ್ಲುವುದಿಲ್ಲ. ಇದಕ್ಕೆ ಸಿಕ್ಕ ಮದ್ದು ಪುಕ್ಕಟೆಯದು: ವಾಟ್ಸ್ಆ್ಯಪಿನ ಲೈವ್ ಲೊಕೇಶನ್. ಹೊರಡುವ ಮೊದಲು ಡ್ರೈವರ್ ನಮ್ಮ ಗ್ರೂಪಿಗೆ ಅದನ್ನು ಕಳಿಸುತ್ತಾನೆ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಅವಧಿ ಇವೆ, ನಾವು 8 ಗಂಟೆ ಹಾಕುತ್ತೇವೆ. ಆ ಗ್ರೂಪಿನಲ್ಲಿ ಹೋಟೆಲಿನವರೂ ಇದ್ದಾರೆ. ಟೆಂಪೊ ಐರೋಲಿ ದಾಟಿತೋ, ವಿಕ್ರೋಳಿಯಲ್ಲಿ ಸಿಕ್ಕಿಬಿದ್ದಿದೆಯೋ ಅವರೇ ನೋಡಿಕೊಳ್ಳುತ್ತಾರೆ. ಮೊದಲ ವಾರದಲ್ಲೇ ಡ್ರೈವರಿಗೆ ಹೋಗುವ ಕಾಲ್‌ಗಳು ಹೆಚ್ಚುಕಡಿಮೆ ನಿಂತೇ ಹೋದವು. ಫೋನನ್ನು ತಡೆಯುವ ಯಂತ್ರಕ್ಕಿಂತ, ಫೋನ್ ಮಾಡುವ ಅಗತ್ಯವನ್ನೇ ಇಲ್ಲವಾಗಿಸುವುದು ಎಷ್ಟೋ ಮೇಲು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಹಾಗಾಗಿ ಫೋನ್ ಆ ಚಾರ್ಜರಿನಲ್ಲೇ ಇರಬೇಕು.

ಗಾಡಿಗಳು ಐದಾರಕ್ಕಿಂತ ಜಾಸ್ತಿ ಇದ್ದರೆ ಜಿಪಿಎಸ್ ಟ್ರ್ಯಾಕರ್ ಕೂರಿಸಿ. ಡ್ರೈವರ್ ಮರೆತರೂ ಅದು ಮರೆಯುವುದಿಲ್ಲ. ಆದರೆ ಮಾರುವವರ ಮಾತಿಗೆ ಮರುಳಾಗಬೇಡಿ. ಬಸ್ಸು ಟ್ಯಾಕ್ಸಿಗಳಿಗೆ ಸರ್ಕಾರ ಹೇಳಿರುವ ಎಐಎಸ್ 140 ಬಗೆಯ ಟ್ರ್ಯಾಕರ್ ಕೂಡ ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಹೇಳುತ್ತದೆ, ಪ್ರಯಾಣಿಕರಿಗೆ ತುರ್ತು ಗುಂಡಿ ಕೊಡುತ್ತದೆ. ಡ್ರೈವರ್ ಕೈಯಲ್ಲಿ ಫೋನಿದೆಯೇ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಅದನ್ನು ಕಾಣುವುದು ಡ್ರೈವರ್ ಕಡೆ ಮುಖ ಮಾಡಿದ ಎಐ ಕ್ಯಾಮೆರಾ. ಕಿವಿಯ ಹತ್ತಿರ ಕೈ ಹೋದರೆ, ಕಣ್ಣು ಕೆಳಗೆ ಇಳಿದರೆ, ಆಕಳಿಸಿದರೆ ಗುರುತಿಸಿ ಬೀಪ್ ಮಾಡುತ್ತದೆ. ಕತ್ತಲಲ್ಲೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ನೋಡುತ್ತದೆ. ಆ ತುಣುಕು ವೀಡಿಯೊವನ್ನು ಮಾಲೀಕರಿಗೂ ಕಳಿಸಬಲ್ಲದು. ಯುರೋಪಿನಲ್ಲಿ ಗಮನ ತಪ್ಪಿದರೆ ಎಚ್ಚರಿಸುವ ವ್ಯವಸ್ಥೆಯನ್ನು 2024ರ ಜುಲೈಯಿಂದ ಹೊಸ ಮಾದರಿಯ ಗಾಡಿಗಳಿಗೆ ಕಡ್ಡಾಯ ಮಾಡಿದ್ದಾರೆ. ಶಾಲಾ ಬಸ್ಸು, ರಾತ್ರಿ ಊರಿಗೆ ಓಡುವ ಸ್ಲೀಪರ್ ಬಸ್ಸು ನಡೆಸುವವರು ಇದನ್ನು ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಂದೆ ಮೂವತ್ತು ನಲವತ್ತು ಜೀವ ಮಲಗಿರುತ್ತದೆ.

ನಾನು ಒಂದನ್ನು ತಿಂಗಳ ಮಟ್ಟಿಗೆ ಹಾಕಿ ತೆಗೆದೆ. ಕಿವಿ ತುರಿಸಿಕೊಂಡರೂ ಬೀಪ್, ಚಹಾದ ಲೋಟ ಎತ್ತಿದರೂ ಬೀಪ್. ಅದಕ್ಕಿಂತ ಹೆಚ್ಚಾಗಿ, ಇಡೀ ದಿನ ಯಾರೋ ಮುಖವನ್ನೇ ನೋಡುತ್ತಿದ್ದಾರೆ ಅನ್ನುವುದು ನಮ್ಮ ಹುಡುಗರಿಗೆ ಬಹಳ ನೋವಾಯಿತು. ಎರಡು ಟೆಂಪೊ ಇರುವ ಕಡೆ, ದಿನವೂ ಒಟ್ಟಿಗೆ ಕೂತು ಚಹಾ ಕುಡಿಯುವವರ ನಡುವೆ, ಅದು ಬೇಕಾಗಿರಲಿಲ್ಲ. ಹಾಕುವುದಾದರೆ ವೀಡಿಯೊ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಅಂತ ಡ್ರೈವರುಗಳಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ತಿಂಗಳ ಬಾಡಿಗೆಯನ್ನೂ ಕೇಳಿ ತಿಳಿದುಕೊಳ್ಳಿ, ಕ್ಯಾಮೆರಾದ ಬೆಲೆ ಒಂದೇ ಖರ್ಚಲ್ಲ.

ಕೊಳ್ಳಬೇಡಿ ಅನ್ನುವಂಥದ್ದು

ಸಿಗ್ನಲ್ ಜಾಮರ್. ಗಾಡಿಯಲ್ಲಿ ಇಟ್ಟರೆ ಫೋನೇ ಬರುವುದಿಲ್ಲ ಅಂತ ಯಾರೋ ನನಗೂ ಹೇಳಿದ್ದರು. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಪಕ್ಕದ ಗಾಡಿಯವರು 112ಕ್ಕೆ ಫೋನ್ ಮಾಡಬೇಕಾದರೆ ಅದನ್ನೂ ಅದು ಕೆಡಿಸಬಹುದು.

ಹೊರದೇಶಗಳಲ್ಲಿ ಗಾಡಿಯ ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ತನ್ನ ಪರೀಕ್ಷೆಯ ಯಂತ್ರ ಸಿಕ್ಕಿಸುವ ಜಾಗ) ಸಿಕ್ಕಿಸಿ ಅಥವಾ ಗಾಜಿಗೆ ಅಂಟಿಸಿ, ಗಾಡಿ ಓಡುವಾಗ ಡ್ರೈವರಿನ ಫೋನನ್ನು ಲಾಕ್ ಮಾಡುವ ಉಪಕರಣಗಳಿವೆ. ಐಡಿಯಾ ಒಳ್ಳೆಯದು. ಆದರೆ ಫೋನಿನಲ್ಲಿ ಅದರ ಆ್ಯಪ್ ಇರಬೇಕು, ಕೆಟ್ಟರೆ ಇಲ್ಲಿ ರಿಪೇರಿಗೆ ಜನ ಬೇಕು. ಮೇಲೆ ಹೇಳಿದ ಬ್ಲೂಟೂತ್ ಚಾರ್ಜರ್ ಬಹುಪಾಲು ಅದೇ ಕೆಲಸ ಮಾಡುತ್ತದೆ.

ಇದರ ಎದುರಿಗೆ, ಒಂದು ಪೈಸೆ ಖರ್ಚಿಲ್ಲದ ಉಪಾಯ: ಫೋನನ್ನು ಡಬ್ಬಿಯಲ್ಲಿ ಹಾಕಿ ಹಿಂದಿನ ಸೀಟಿನಲ್ಲಿ ಇಡುವುದು. ನನ್ನ ಯಜಮಾನರು ಹೀಗೇ ಮಾಡುತ್ತಾರೆ, ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ. ಮ್ಯಾಪ್ ಬೇಡದ, ದಿನವೂ ಅದೇ ದಾರಿಯಲ್ಲಿ ಹೋಗುವವರಿಗೆ ಇದಕ್ಕಿಂತ ಭದ್ರವಾದ ಉಪಾಯ ನಾನು ಕಂಡಿಲ್ಲ.

ಪುಣೆಯ ಸ್ಕೂಟರ್, ಮುಂಬೈಯ ಬೈಕ್

ಎರಡು ಚಕ್ರದ ಗಾಡಿಯಲ್ಲಿ ತಪ್ಪಿಗೆ ಮಾಫಿ ಇಲ್ಲ. ಕಾರು ಗುದ್ದಿದರೆ ತಗಡು ನುಗ್ಗಾಗುತ್ತದೆ, ಸ್ಕೂಟರ್ ಗುದ್ದಿದರೆ ಮೈ.

ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮಾತಾಡುವುದನ್ನು ಪುಣೆಯಲ್ಲಿ ದಿನಾ ನೋಡುತ್ತೇವೆ. ಅದರ ಬಗ್ಗೆ ಹೋಲಿಕೆ ಮಾಡಲು ಏನೂ ಇಲ್ಲ, ಮಾಡಬೇಡಿ.

ಹ್ಯಾಂಡಲಿನ ಹೋಲ್ಡರ್ ಮ್ಯಾಪಿಗೆ ಅನುಕೂಲ. ಆದರೆ ಕಾಲ್ ಬಂದಾಗ ಮುಖದ ಎದುರೇ ಬೆಳಗುತ್ತದೆ. ಮಳೆಯಲ್ಲಿ ನೆನೆಯುತ್ತದೆ, ಸಿಗ್ನಲ್ಲಿನಲ್ಲಿ ಕಿತ್ತುಕೊಂಡು ಓಡುವವರ ಭಯ ಬೇರೆ. ಜೋರಾಗಿ ನಡುಗುವ ಬೈಕಿನ ಹ್ಯಾಂಡಲಿಗೆ ಕಟ್ಟಿದರೆ ಕ್ಯಾಮೆರಾ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೋಲ್ಡರ್ ಹಾಕುವುದೇ ಆದರೆ ಡೂ ನಾಟ್ ಡಿಸ್ಟರ್ಬ್ ಒತ್ತಿ, ಮ್ಯಾಪ್ ತೆರೆದು, ಆಮೇಲೆ ಹೆಲ್ಮೆಟ್ ಹಾಕಿಕೊಳ್ಳಿ. ಕ್ರಮ ಹೀಗೇ ಇರಲಿ.

ಮೀಟರಿನಲ್ಲೇ ಬಾಣದ ಗುರುತು ತೋರಿಸುವ ಗಾಡಿಗಳು ಈಗ ಸುಮಾರಿವೆ. 2018ರಲ್ಲಿ ಬಂದ ಟಿವಿಎಸ್ ಎನ್‌ಟಾರ್ಕ್, 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್‌ನ ಟ್ರಿಪ್ಪರ್ ಎಂಬ ಪುಟ್ಟ ಪರದೆ ಇಂಥವು. ಫೋನ್ ಡಿಕ್ಕಿಯಲ್ಲೋ ಜೇಬಿನಲ್ಲೋ ಇರುತ್ತದೆ, ಎಡಕ್ಕೋ ಬಲಕ್ಕೋ ಅಂತ ಮೀಟರ್ ಹೇಳುತ್ತದೆ. ಹೊಸ ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ಕೇಳಿ. ಮಗಳಿಗೆ ನಾವು ಆರಿಸಿದ್ದು ಇದನ್ನೇ. ಯಾರು ಕಾಲ್ ಮಾಡುತ್ತಿದ್ದಾರೆ ಎಂದು ತೋರಿಸುವ ಸೌಲಭ್ಯವನ್ನು ಮಾತ್ರ ಆಫ್ ಮಾಡಿಸಿದೆ. ಹೆಸರು ಕಂಡರೆ ಮನಸ್ಸು ಅಲ್ಲಿಗೇ ಹೋಗುತ್ತದೆ.

ಹೆಲ್ಮೆಟ್ಟಿನ ಬ್ಲೂಟೂತ್ ಸ್ಪೀಕರ್ ಮ್ಯಾಪಿನ ದನಿ ಕೇಳಲು ಸರಿ, ಹರಟೆಗೆ ಅಲ್ಲ. ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಬೇಡವೇ ಬೇಡ, ಹಿಂದಿನ ಬಸ್ಸಿನ ಹಾರ್ನ್ ಕೇಳಿಸುವುದಿಲ್ಲ.

ಡೆಲಿವರಿ ಹುಡುಗರ ಕಥೆ ಬೇರೆ. ಅವರ ಕೆಲಸವೇ ಫೋನಿನೊಳಗಿದೆ, ಮೌನವಾಗಿಡಿ ಅಂದರೆ ಊಟ ಕಸಿದುಕೊಂಡ ಹಾಗೆ. ಅವರಿಗೆ ಗಟ್ಟಿಯಾದ ಹೋಲ್ಡರ್ ಬೇಕು, ಆರ್ಡರ್ ಬಂದರೆ ಪಕ್ಕಕ್ಕೆ ನಿಲ್ಲಿಸಿ ನೋಡುವಷ್ಟು ಸಮಯ ಬೇಕು. ಆ ಸಮಯ ಕೊಡಬೇಕಾದವರು ನಾವು. ವಿಳಾಸವನ್ನು ಬಿಲ್ಡಿಂಗ್ ಹೆಸರು, ವಿಂಗ್, ಗುರುತು ಸಮೇತ ಸರಿಯಾಗಿ ಬರೆದಿದ್ದರೆ ಅವನಿಗೆ ನಮಗೆ ಫೋನ್ ಮಾಡುವ ಕೆಲಸವೇ ಇರುವುದಿಲ್ಲ. ಅವನು ದಾರಿಯಲ್ಲಿರುವಾಗ ನಾವೂ ಮಾಡಬಾರದು.

ರಸ್ತೆಯ ಕ್ಯಾಮೆರಾ ಇದೆಯಲ್ಲ ಅಂತ ಸುಮ್ಮನಿರಬಹುದೇ?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ಎಐ ಕ್ಯಾಮೆರಾಗಳು ವೇಗ, ಸೀಟ್ ಬೆಲ್ಟ್, ಫೋನ್ ಎಲ್ಲವನ್ನೂ ನೋಡುತ್ತವೆ. ಇ-ಚಲನ್ ಮೊಬೈಲಿಗೇ ಬರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಫೋನ್ ಹಿಡಿದವರನ್ನು ಹುಡುಕುವ ಕ್ಯಾಮೆರಾಗಳನ್ನು 2019ರ ಡಿಸೆಂಬರಿನಲ್ಲೇ ಶುರು ಮಾಡಿದ್ದರು. ಬರಲಿ, ಇನ್ನಷ್ಟು ಬರಲಿ. ಆದರೆ ಚಲನ್ ಬರುವುದು ಆಗುವುದೆಲ್ಲ ಆದ ಮೇಲೆ. ಕಲ್ಯಾಣ್–ಶಿಳ್ ರಸ್ತೆಯಲ್ಲಿ ಬೆಳಗಿನ ಐದು ಗಂಟೆಯ ಮಳೆಯಲ್ಲಿ ನಮ್ಮ ಹುಡುಗನ ಪಕ್ಕದಲ್ಲಿ ಇದ್ದದ್ದು ಫೋನ್ ಒಂದೇ.

ಹಾಕಿದ ಮೇಲೆ ಪರೀಕ್ಷೆ ಮಾಡಿ

ಯಾವುದನ್ನೇ ಆರಿಸಿ, ಗಾಡಿ ನಿಂತಿರುವಾಗಲೇ ಪರೀಕ್ಷೆ ಮಾಡಿ. ಸಂಜೆ ಹತ್ತು ನಿಮಿಷ ಸಾಕು. ಗಾಡಿ ಸ್ಟಾರ್ಟ್ ಮಾಡಿ ಕೂತುಕೊಳ್ಳಿ. ಮನೆಯವರಿಗೆ ಹೇಳಿ ಕಾಲ್ ಮಾಡಿಸಿ, ವಾಟ್ಸ್ಆ್ಯಪ್ ಕಾಲ್ ಮಾಡಿಸಿ, ಮೆಸೇಜ್ ಕಳಿಸಿ. ಎರಡು ಸಲ, ಮೂರು ಸಲ ಮಾಡಿಸಿ. ಪರದೆ ಬೆಳಗಿತೇ? ನಡುಗಿತೇ? ಅನುಮತಿ ಕೊಟ್ಟ ನಂಬರಿನಿಂದ ನಿಜವಾಗಿ ಬಂತೇ? ವಾಟ್ಸ್ಆ್ಯಪ್ ಕಾಲ್ ಕೆಲವು ಫೋನುಗಳಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ, ಅದನ್ನು ಬಿಡದೆ ನೋಡಿ. ಫೋನ್ ಅಪ್‌ಡೇಟ್ ಆದ ಮೇಲೆ ಇನ್ನೊಮ್ಮೆ ನೋಡಿ, ಸೆಟ್ಟಿಂಗ್ ಜಾಗ ಬದಲಾಗಿರಬಹುದು.

ಕೈ ವಾಸಿಯಾಗಿ ನಮ್ಮ ಡ್ರೈವರ್ ಕೆಲಸಕ್ಕೆ ವಾಪಸ್ ಬಂದ ದಿನ ಈ ಪರೀಕ್ಷೆಯನ್ನು ಅವನೇ ಮಾಡಿಸಿದ. ಟೆಂಪೊ ಹತ್ತಿ, ಕೀಲಿ ತಿರುಗಿಸಿ, ಫೋನನ್ನು ಚಾರ್ಜರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕ, ಈಗ ಮೂರು ಸಲ ಕಾಲ್ ಮಾಡಿ" ಅಂದ. ನಾನು ಬಾಗಿಲಲ್ಲಿ ನಿಂತು ಮೂರು ಸಲ ಮಾಡಿದೆ. ಅವನ ಫೋನ್ ಬೆಳಗಲಿಲ್ಲ. ಅವನು ಗೇರ್ ಹಾಕಿ ಹೊರಟ.